ಒಂದೇ ಲಾರಿಗೆ ಎರಡು ಕಡೆ ಬಾಡಿಗೆ

ನೋಡ್ರಪ್ಪಾ, ಇವತ್ತು ನಾನಿರುವ ಈ ಹಿಂದಿ ಊರಿನ ಪೇಟೆಯಾದ ಸದರ್‌ನ ಕಿರಾಣಿ ಅಂಗಡಿಯಲ್ಲಿ ಬಿಳಿಜೋಳದ ದರ ಕೇಳಿ ತಲೆ ಕೆಟ್ಟಿತು. ಇಲ್ಲಿಯ ಜೋಳದ ಹಿಟ್ಟಿಗೆ ಜಿಗಿಯಿಲ್ಲ, ಬಡಿದರೆ ರೊಟ್ಟಿ ಹರಿಯುತ್ತದೆ. ನನಗೆ ಲಾರಿಯಲ್ಲಿ ಬರುವ ನಮ್ಮೂರು ವಿಜಯಪುರದ ಜೋಳವೇ ಬೇಕು.

"ಬಂಗಾರ ಮಾರುತ್ತೀಯೇನೋ ಸೇಠ?" ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಕೇಳಿದೆ.

"ಆಜೀ, ಗಾಡಿ ಭಾಡಾ ಬಢ್ ಗಯಾ." ಲಾರಿ ಬಾಡಿಗೆ ಏರಿದೆಯಂತೆ.

ಊರಲ್ಲಿ ಜೋಳ ಬೆಳೆಯುವ ತಮ್ಮನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. "ಅಕ್ಕಾ, ಲಾರಿ ಬಾಡಿಗಿ ಏರೇತಿ ಅಂತ ದಲಾಲಿಯಂವಾ ನಮ್ಮ ದರಾ ಇಳಿಸ್ಯಾನ" ಎಂದ.

ಅದೇ ಬಾಡಿಗೆಯ ಹೆಸರಲ್ಲಿ ಅವನಿಗೆ ಕಡಿಮೆ, ನನಗೆ ಹೆಚ್ಚು! "ನನ್ನ ತಮ್ಮನಿಂದಲೇ ನೇರ ತರಿಸಿಕೋ" ಎಂದು ಸೇಠನಿಗೆ ಹೇಳಿದೆ. ಇಬ್ಬರಿಗೂ ಖುಷಿ. ತಮ್ಮನಿಗೆ ಹಿಂದಿ ಬಾರದು, ಸೇಠನಿಗೆ ಕನ್ನಡ ಬಾರದು. ನಡುವೆ ನಿಂತು ಮಾತೆಲ್ಲ ನಾನೇ ದಾಟಿಸಿದೆ. ದರ ಕುದುರಿತು. ಲಾರಿ ಬಾಡಿಗೆ ಮಾತ್ರ ಸೇಠ ತಮ್ಮನದೆಂದ, ತಮ್ಮ ಸೇಠನದೆಂದ. ಜಗ್ಗಾಡಿ ಜಗ್ಗಾಡಿ ಸುಸ್ತಾದರು.

"ಭಾಡಾ ತೋ ಆಜೀ ಸೇ ಲೇಂಗೇ" ಎಂದ ಸೇಠ. ನನ್ನಿಂದಲೇ ತೆಗೆದುಕೊಳ್ಳುತ್ತಾನಂತೆ! ತಮ್ಮನಿಗೆ ಹೇಳಿದರೆ, "ಚಲೋ ಆತಲ್ಲ ಬಿಡವಾ, ರೊಟ್ಟಿ ತಿನ್ನಾಕಿ ನೀನ ಅಲ್ಲೇನು?" ಎಂದ.

ನನ್ನ ಫೋನಿನಲ್ಲಿ, ನನ್ನ ಬಾಯಿಂದಲೇ, ನನ್ನ ತಲೆ ಬೋಳಿಸಿದರು. ಇಷ್ಟು ಹೊತ್ತು ಮಾತು ದಾಟಿಸಿದ್ದಕ್ಕೆ ನನ್ನ ದಲಾಲಿಯಾದರೂ ಕೊಡಿರೋ ಎಂದೆ. ಆಗ ಮಾತ್ರ ಇಬ್ಬರಿಗೂ ಯಾವ ಭಾಷೆಯೂ ತಿಳಿಯಲಿಲ್ಲ.