ಕುರುಗೋಡಿನ ತನಕ ಸರಿಯಾಗಿದ್ದ ಕಾರು

ಬಳ್ಳಾರಿಯ ಅದಿರಿನ ಧೂಳು ಬಂಗಾರವಾಗಿದ್ದ ಕಾಲದಲ್ಲಿ ಈ ಊರಿನೊಳಗೆ ಎಂತೆಂಥ ಕಾರುಗಳು ಬಂದವು! ಧೂಳು ಮತ್ತೆ ಬರೀ ಧೂಳಾದ ಮೇಲೆ ಅವುಗಳಲ್ಲಿ ಒಂದು ನನ್ನ ಪಾಲಿಗೆ ಬಂತು. ಕೆಂಪು ಬಣ್ಣ, ಎರಡೇ ಸೀಟು, ನೆಲ ನೆಕ್ಕುವಂಥ ಹೊಟ್ಟೆ. ಕಂಟೋನ್ಮೆಂಟಿನ ನಮ್ಮ ಬೀದಿಯ ಉಬ್ಬು ದಾಟುವಾಗ ನಾನು ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಹಾಗೆ ಹಿಡಿದರೆ ಕಾರು ಒಂದು ಬೆರಳು ಮೇಲೇಳುತ್ತದೆಂದು ನನ್ನ ನಂಬಿಕೆ.

ನಾನು ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಕಾರ್ಖಾನೆ ನಡೆಸುವವನು. ನನ್ನಂಥವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ಕೇಳದವರು ಈ ಊರಲ್ಲಿ ಉಳಿದಿಲ್ಲ. ಯಾಕೆಂದರೆ, ನನಗೆ ಅದರ ಮೇಲೆ ಜೀವ. ಅಷ್ಟೇ. ಭಾನುವಾರ ಬೆಳಿಗ್ಗೆ ಅದರ ಬಾನೆಟ್ಟು ಎತ್ತಿ ಎರಡು ತಾಸು ಸುಮ್ಮನೆ ನೋಡುತ್ತಾ ನಿಂತರೂ ನನಗೆ ಊಟ ಮಾಡಿದಷ್ಟು ಸಮಾಧಾನ.

ಆದರೆ ಆ ಕಾರಿಗೆ ಒಂದು ಚಾಳಿಯಿತ್ತು. ಸ್ವಲ್ಪ ದೂರ ಹೋದರೆ ಕಾದು ಕೆಂಡವಾಗುತ್ತಿತ್ತು. ಕಳೆದ ವರ್ಷ ಸಿರುಗುಪ್ಪದಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಹೊರಟಾಗ ಊರು ಕಾಣುವಷ್ಟು ಹತ್ತಿರದಲ್ಲಿ ನಿಂತೇಬಿಟ್ಟಿತು. ಭತ್ತ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದರು. ಅವರ ಬೀಗರೂ ಇದ್ದರು.

"ಏನ್ ತಂಗಿ, ನೀವು ಕಾರ್ ತಂದೀರೋ, ಕಾರ್‌ನ ಟ್ರ್ಯಾಕ್ಟರ್ ತಂದೈತೋ?" ಎಂದರು ಅಕ್ಕ, ಇಡೀ ಓಣಿಗೆ ಕೇಳುವ ಹಾಗೆ.

ನನ್ನ ಹೆಂಡತಿ ಆ ದಿನ ಹೋಳಿಗೆ ಮುಟ್ಟಲಿಲ್ಲ. ಈ ಬೇಸಿಗೆಯಲ್ಲಿ ಅಕ್ಕನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆ ಬಂದಾಗ ನನ್ನವಳು ಲಟ್ಟಣಿಗೆ ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ನೋಡ್ರಿ, ಈ ಸಲ ಅದು ಸಿರುಗುಪ್ಪದ ಮಟ ತನ್ನ ಕಾಲ ಮ್ಯಾಲ ಹೋದ್ರ ಮನ್ಯಾಗ ಇರ್ಲಿ. ಇಲ್ಲಂದ್ರ ಅದು ಗುಜರಿಗೆ, ನಾ ಬಸ್ಸಿಗೆ."

"ಹೋಗ್ತೈತಿ ಬಿಡ" ಎಂದೆ.

ಆ ತಿಂಗಳು ನಾನು ಮನೆಯಂಗಳದಲ್ಲಿ ಪಟ್ಟ ಪಾಡು ನನಗೇ ಗೊತ್ತು. ಮೊಬೈಲಿನ ವಿಡಿಯೊದಲ್ಲಿ ಒಬ್ಬನು ಬಿಳಿ ಕೈಗವಸು ಹಾಕಿಕೊಂಡು, ಆಸ್ಪತ್ರೆಯಂಥ ಗ್ಯಾರೇಜಿನಲ್ಲಿ ನಿಂತು, ಎಂಜಿನ್ ತಣ್ಣಗಾಗುವ ತನಕ ಕಾಯಿರಿ ಎನ್ನುತ್ತಿದ್ದ. ಅಯ್ಯಾ ಪುಣ್ಯಾತ್ಮ, ಬಳ್ಳಾರಿಯ ಮೇ ತಿಂಗಳಲ್ಲಿ ಚಾಲೂ ಮಾಡದೆ ಇಟ್ಟ ಎಂಜಿನ್ನೂ ತಣ್ಣಗಿರುವುದಿಲ್ಲ! ಬಿಸಿಲಿಗೆ ಬಿಟ್ಟ ಸ್ಪ್ಯಾನರನ್ನು ಜೀನ್ಸಿನ ಚಿಂದಿ ಸುತ್ತಿ ಹಿಡಿಯಬೇಕು. ರೇಡಿಯೇಟರ್ ತೊಳೆದರೆ ಕೆಂಪು ನೀರು ಬಂತು. ಹಳೆಯ ಮಾಲೀಕರು ಅದಿರನ್ನೆಲ್ಲ ಹಡಗಿಗೆ ಹಾಕಿದ್ದರು, ಇದೊಂದು ಮರೆತಿದ್ದರೆಂದು ಕಾಣುತ್ತದೆ.

ದಾರಿಹೋಕರ ಸಲಹೆಗಳಿಗಂತೂ ಬರವಿರಲಿಲ್ಲ. ಹಾಲಿನವನು ನೋಡಿದ, ಎಂಜಿನ್ ಇಳಸ್ರಿ ಎಂದ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಕನ್ನಡಕ ಏರಿಸಿ, ಎಂಜಿನ್ ಪೂರ್ತಿ ಬಿಚ್ಚಿ ಇಳಿಸುವುದೇ ಒಳ್ಳೆಯದು ಎಂದರು. ಸ್ಟಿಯರಿಂಗ್ ಮುಟ್ಟಿ ಗೊತ್ತಿಲ್ಲದವರಿಗೂ ನಮ್ಮೂರಿನಲ್ಲಿ ಎಂಜಿನ್ ಇಳಿಸುವುದು ಗೊತ್ತು.

ಕೊನೆಗೆ ಸಿಕ್ಕಿಬಿದ್ದದ್ದು ಥರ್ಮೋಸ್ಟಾಟು. ಎಂಜಿನ್ ಕಾದಾಗ ಬಾಯಿ ಬಿಟ್ಟು ನೀರನ್ನು ರೇಡಿಯೇಟರಿಗೆ ಬಿಡಬೇಕಾದ ಬಿಲ್ಲೆ ಅದು. ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬೇಳೆ ಬೇಯಿಸುವ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಹಾಕಿದೆ. ನೀರು ಕೊತಕೊತ ಕುದಿದರೂ ಆ ಮಹರಾಯ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವಳು ಹಿಂದೆ ಬಂದು ನಿಂತಿದ್ದ ನನ್ನ ಹೆಂಡತಿ. ಆ ಪಾತ್ರೆ ಈಗ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ.

ಹೊಸದನ್ನು ತರಿಸಿ ಹಾಕಿದೆ. ಹತ್ತಿರದ ಕೊಳಗಲ್ಲಿನ ತನಕ ಹೋಗಿ ಬಂದೆ. ಕಾವು ತೋರಿಸುವ ಮುಳ್ಳು ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಸಂಭ್ರಮಕ್ಕೆ ಒಬ್ಬನೇ ಎರಡು ಪ್ಲೇಟು ಮಿರ್ಚಿ ತಿಂದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕಾರು ಬಂದ ಹೊಸದರಲ್ಲಿ ನನ್ನ ಹೆಂಡತಿ ಅದರ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ಇದೇನು ಕಿರಾಣಿ ಅಂಗಡಿಯಾ ಎಂದು ನಕ್ಕು ಬಿಚ್ಚಿ ಎಸೆದಿದ್ದೆ. ಆಮೇಲೆ ಅವಳು ಕಾರಿನ ತಂಟೆಗೆ ಬರಲಿಲ್ಲ.

ಕುಬಸದ ದಿನ ಬೆಳಿಗ್ಗೆ ಹೊರಟೆವು. ಕುರುಗೋಡಿನ ಗುಡಿಗೆ ಕೈಮುಗಿದು ಹೋಗೋಣ ಎಂದಳು, ಆ ದಾರಿಯನ್ನೇ ಹಿಡಿದೆ. ಕುರುಗೋಡಿನ ತನಕ ಮುಳ್ಳು ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ಅವಳು ಗುಡಿಗೆ ಹೋದಳು, ನಾನು ಚಹಾದಂಗಡಿಗೆ. ತಿರುಗಿ ಬಂದಾಗ ಅವಳು ಕಾರಿನ ಮುಂದೆ ಬಗ್ಗಿ ಕೂತಿದ್ದಳು. ನನ್ನನ್ನು ಕಂಡು ತಟ್ಟನೆ ಎದ್ದು, "ಕುಂಕುಮ ಹಚ್ಚಿದೆ" ಎಂದಳು. ಹಚ್ಚಿದ್ದಳು ಕೂಡ. ಕುಂಕುಮಕ್ಕೆ ನನ್ನ ತಕರಾರಿಲ್ಲ, ಕೆಂಪು ಕಾರಿನ ಮೇಲೆ ಕಾಣುವುದೇ ಇಲ್ಲ.

ಕುರುಗೋಡು ದಾಟಿದ ಮೇಲೆ ಮುಳ್ಳು ಅಲ್ಲಾಡಿತು. ಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಆಮೇಲೆ ರಸ್ತೆಯ ದೋಷ. ಸಿರಿಗೇರಿ ಹತ್ತಿರ ಬರುವಷ್ಟರಲ್ಲಿ ಅದು ಕೆಂಪು ಗೆರೆಯ ಕಡೆಗೆ ಹೊರಟಿತ್ತು.

ಇಂಥ ಹೊತ್ತಿಗೆ ಒಂದು ಉಪಾಯವಿದೆ. ಚಳಿದೇಶದವರು ಕಾರಿನೊಳಗೆ ಹಾಕಿಕೊಳ್ಳುವ ಹೀಟರನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಕಾವು ಒಂದಿಷ್ಟು ನಮ್ಮ ಮೇಲೆ ಬರುತ್ತದೆ. ತಿರುಗಿಸಿದೆ. ಬಳ್ಳಾರಿ ಸೀಮೆಯ ಬಿರುಬೇಸಿಗೆಯಲ್ಲಿ, ರೇಷ್ಮೆ ಸೀರೆ ಉಟ್ಟ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಟರ್ ಹಾಕಿದ ಗಂಡ ನಾನೊಬ್ಬನೇ ಇರಬೇಕು.

"ರೀ, ಇದೇನ್ರಿ, ಒಲಿ ಮುಂದ ಕುಂತಂಗ ಆಗಾಕತ್ತೈತಿ!"

"ಸ್ವಲ್ಪ ತಡಕೋ. ಎಂಜಿನ್‌ಗೆ ಸೆಕಿ ಆಗೈತಿ."

"ಮತ್ತ ನನಗ?"

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಬಾನೆಟ್ಟು ಎತ್ತಿದೆ. ಫ್ಯಾನು ತಿರುಗುತ್ತಿತ್ತು. ಬೆಲ್ಟು ಸರಿಯಿತ್ತು. ನೀರು ಎಲ್ಲೂ ಸೋರುತ್ತಿರಲಿಲ್ಲ. ಹೊಸ ಥರ್ಮೋಸ್ಟಾಟೂ ಕೆಲಸ ಮಾಡುತ್ತಿತ್ತು, ಪೈಪು ಮುಟ್ಟಿ ಬೆರಳು ಸುಟ್ಟುಕೊಂಡು ಖಾತ್ರಿ ಮಾಡಿಕೊಂಡೆ. ಎಲ್ಲವೂ ಸರಿಯಿದ್ದು ಕಾರು ಮಾತ್ರ ಸರಿಯಿಲ್ಲ ಅಂದರೆ ಮನುಷ್ಯ ಯಾರ ಮೇಲೆ ಸಿಟ್ಟು ಮಾಡಬೇಕು? ಟೈರಿಗೆ ಒದ್ದೆ. ಕಾಲು ನೋಯಿತು.

ಒಬ್ಬ ಟ್ರ್ಯಾಕ್ಟರಿನವನು ನಿಧಾನ ಮಾಡಿದ. "ಏಮೈಂದಿ ಸಾರ್?" ಎಂದ. ನಾನು ಬಾಯಿ ತೆರೆಯುವ ಮೊದಲೇ "ಎಂಜಿನ್ ದಿಂಪಾಲಿ ಸಾರ್" ಎಂದು ತೀರ್ಪು ಕೊಟ್ಟ. ತೆಲುಗಿನಲ್ಲೂ ಎಂಜಿನ್ ಇಳಿಸಲೇಬೇಕಿತ್ತು. "ಹಗ್ಗ ಐತಿ, ಎಳೀಲೇನ್ರಿ?" ಎಂದು ಕನ್ನಡದಲ್ಲೂ ಕೇಳಿದ.

ಹೆಂಡತಿ ಟ್ರ್ಯಾಕ್ಟರನ್ನೇ ನೋಡುತ್ತಿದ್ದಳು. ಬೇಡ ಹೋಗಪ್ಪಾ ಎಂದು ಅವನನ್ನು ಸಾಗಹಾಕಿದೆ. ಉಳಿದದ್ದು ಒಂದೇ ಜಾಗ, ರೇಡಿಯೇಟರಿಗೆ ಗಾಳಿ ಹೋಗುವ ಕಾರಿನ ಬಾಯಿ. ಅದು ಬಂಪರಿನ ಕೆಳಗೆ, ಮೊಣಕಾಲಿಗಿಂತ ತಗ್ಗಿನಲ್ಲಿದೆ, ನಿಂತವರಿಗೆ ಕಾಣುವುದಿಲ್ಲ. ಕುಬಸಕ್ಕೆಂದು ಹಾಕಿದ್ದ ಬಿಳಿ ಅಂಗಿಯಲ್ಲೇ ರಸ್ತೆ ಮೇಲೆ ಬೋರಲು ಮಲಗಿದೆ.

"ಮುಂದ್ ಮುಟ್ಟಬ್ಯಾಡ್ರೀ!" ಎಂದು ಅವಳು ಕಾರಿನಿಂದ ಇಳಿದೇಬಿಟ್ಟಳು.

ಬಾಯಿಯ ತುಂಬ ಒಂದು ಹಸಿರು ಖಣ. ಹೊಸ ರವಿಕೆ ಬಟ್ಟೆಯನ್ನು ಬಾಗಿಲ ಪರದೆಯ ಹಾಗೆ ಅಗಲವಾಗಿ ಬಿಡಿಸಿ, ನಾಲ್ಕೂ ಮೂಲೆಗೆ ಅರಿಶಿನ ದಾರ ಹಾಕಿ ಜಾಳಿಗೆಗೆ ಬಿಗಿದಿತ್ತು. ನಡುವೆ ಗುಡಿಯ ತೆಂಗಿನಕಾಯಿ. ಒಂದು ಹುಳು ಒಳಗೆ ಹೋಗಬೇಕೆಂದರೂ ಅಪ್ಪಣೆ ಕೇಳಬೇಕಿತ್ತು, ಗಾಳಿಯ ಮಾತೆಲ್ಲಿ?

"ಏನಿದು?" ಎಂದೆ, ಮಲಗಿದಲ್ಲಿಂದಲೇ.

"ಖಣ, ಕಾಯಿ ಇಟ್ಟು ಉಡಿ ತುಂಬೀನಿ."

"ಕಾರಿಗೆ?"

"ಹೂಂ, ಕಾರಿಗೆ! ಮ್ಯಾಲ ಕಟ್ಟಿದ್ರ ನೀವ್ ನಕ್ಕೋತ ಬಿಚ್ಚಿ ಒಗೀತೀರಿ. ಅದಕ್ಕ ಕೆಳಗ ಕಟ್ಟೀನಿ."

"ಲೇ, ಅದು ಉಸಿರಾಡೋ ಬಾಯಿ ಅಲ್ಲಿ ಐತಿ! ಬಾಯಿಗೆ ಬಟ್ಟಿ ತುರುಕಿ ಓಡು ಅಂದ್ರ ಎಲ್ಲಿ ಓಡ್ತೈತಿ?" ಎದ್ದು ಕೂತು ಅಂಗಿಯ ಧೂಳು ಕೊಡವುತ್ತಾ ಇನ್ನೂ ಜೋರು ಮಾಡಿದೆ. "ಗುಜರಿಗೆ ಹಾಕ್ತೀನಿ ಅಂದಾಕಿ ನೀನ. ಈಗ ಉಡಿ ತುಂಬಾಕಿನೂ ನೀನ. ನಿನಗ ಬೇಕಾಗಿದ್ದಾದ್ರೂ ಏನು?"

ಅವಳ ಕಣ್ಣು ತುಂಬಿತ್ತು. ಹೀಟರಿನ ಬೆವರು ಬೇರೆ, ಕಾಡಿಗೆಯೆಲ್ಲ ಇಳಿದಿತ್ತು.

"ಬಾಯಿಮಾತಿಗೆ ಗುಜರಿ ಅಂದೆ. ಅದು ಹೋದ್ರ ಐತವಾರ ಮುಂಜಾನಿ ನಿಮ್ಮ ಮಾರಿ ನೋಡಾಕ ಆಗ್ತೈತೇನ್ರಿ? ಹೋಗಿ ಮುಟ್ಲಿ ಅಂತ ಬೇಡಿಕೊಂಡು ಕಟ್ಟೀನಿ."

ಇಷ್ಟು ದಿನ ಈ ಕಾರನ್ನು ಪ್ರೀತಿಸುವವನು ಮನೆಯಲ್ಲಿ ನಾನೊಬ್ಬನೇ ಎಂದುಕೊಂಡು ಮೆರೆದಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ನೀನೇ ಬಿಚ್ಚು" ಎಂದೆ. "ನನ್ನ ಕೈ ಮಸಿ ಆಗೈತಿ."

ಅವಳು ಸೆರಗು ಸಿಕ್ಕಿಸಿ ಕೂತು ಒಂದೊಂದೇ ಗಂಟು ಬಿಚ್ಚಿದಳು. ಕಾಯಿ ಬೆಚ್ಚಗಾಗಿತ್ತು. ಅದನ್ನು ಖಣದ ಸಮೇತ ಉಡಿಯಲ್ಲಿಟ್ಟುಕೊಂಡು ಸೀಟಿನಲ್ಲಿ ಕೂತಳು. ಎಂಜಿನ್ ತಣಿಯುವ ತನಕ ಕಾದು ಹೊರಟೆವು. ಮುಳ್ಳು ನಡುವಿಗೆ ಬಂದು ನಿಂತಿತು. ಅವಳು ದಾರಿಯುದ್ದಕ್ಕೂ ಆ ಮುಳ್ಳನ್ನೇ ನೋಡುತ್ತಿದ್ದಳು, ನಾನು ರಸ್ತೆ ನೋಡಿಕೊಂಡೆ.

ಸಿರುಗುಪ್ಪದಲ್ಲಿ ಅಕ್ಕ ಬಾಗಿಲಲ್ಲೇ ಇದ್ದರು. ಕಾರಿನ ಹಿಂದೆ ನೋಡಿದರು, ಮುಂದೆ ನೋಡಿದರು. ಟ್ರ್ಯಾಕ್ಟರು ಕಾಣಲಿಲ್ಲ.

"ಅಬಾಬಾ, ತಾನಾಗೇ ಬಂತಲ್ಲ! ಯಾರ್ ರಿಪೇರಿ ಮಾಡಿದ್ರು?"

ಒಂದು ತಿಂಗಳ ಬೆವರು, ಸುಟ್ಟ ಬೆರಳು, ಬೇಳೆಯ ಪಾತ್ರೆ ಎಲ್ಲವನ್ನೂ ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನನ್ನ ಹೆಂಡತಿ ಉಡಿಯ ಕಾಯಿ ಹಿಡಿದುಕೊಂಡು ಕಾರಿನಿಂದ ಇಳಿದಳು.

"ನಾನೇ ಮಾಡೀನಿ" ಎಂದಳು.