ಹುಂಜವಿಲ್ಲದ ಮನೆಯ ತತ್ತಿ

ಬೆಳಿಗ್ಗೆ ಎಲೆಗೆ ಸುಣ್ಣ ಸವರುತ್ತಿದ್ದೆ. ರಾಯಚೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೊಮ್ಮಗಳು ಮೊಬೈಲಿನಿಂದ ತಲೆಯೆತ್ತಿ ನನ್ನ ಬೆರಳು ನೋಡಿ ನಕ್ಕಳು.

"ಯವ್ವಾ, ನಿನ್ನ ಸುಣ್ಣದಾಗ ಕ್ಯಾಲ್ಸಿಯಮ್ ಇರ್ತದಲ್ಲ, ತತ್ತಿನ್ನ ಎಬ್ಬಸೂದೂ ಅದೇ."

"ಸುಣ್ಣ ಬಾಯಿ ಸುಡ್ತದ. ತತ್ತಿ ಹ್ಯಾಂಗ ಎಬ್ಬಸ್ತದ?" ಅಂದೆ.

ನಾನು ಓದಿದ್ದು ಮೂರನೆಯ ತರಗತಿ. ನನಗೆ ಗೊತ್ತಿದ್ದದ್ದು ಕೋಳಿಯ ತತ್ತಿ ಒಂದೇ. ತತ್ತಿ ಅಂದಕೂಡಲೇ ದೇವದುರ್ಗದ ನಮ್ಮ ಮಣ್ಣಿನ ಮಾಳಿಗೆಯ ಮನೆ ಕಣ್ಣಿಗೆ ಬಂತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನೀವೂ ಕೋಳಿ ಸಾಕಿದವರಾದರೆ ಬಲ್ಲಿರಿ: ಕಾವಿಗೆ ಕೂಡಿಸಿ ಕೆಲವು ದಿನವಾದ ಮೇಲೆ, ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಕತ್ತಲು ಮಾಡಿಕೊಂಡು, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿಗೆ ತತ್ತಿ ಹಿಡಿಯಬೇಕು. ಕೆಂಪು ಎಳೆಗಳು ಕಂಡರೆ ಒಳಗೆ ಜೀವ ಕಟ್ಟಿದೆ. ತಿಳಿಯಾಗಿದ್ದರೆ ಇಲ್ಲ.

ಆ ಕೆಲಸಕ್ಕೆ ನಮ್ಮ ಮನೆಯಲ್ಲಿ ದುರುಗವ್ವನದೇ ಕಣ್ಣು. ನನ್ನ ಮೈದುನನ ಹೆಂಡತಿ, ನೀರಮಾನ್ವಿಯವಳು. ಮದುವೆಯಾಗಿ ವರ್ಷಗಳು ಉರುಳಿದರೂ ಅವಳಿಗೆ ಬಸಿರು ನಿಲ್ಲಲಿಲ್ಲ. ಮಾನ್ವಿಯ ಡಾಕ್ಟರು ಗಂಡಹೆಂಡತಿ ಇಬ್ಬರಲ್ಲೂ ದೋಷವಿಲ್ಲ ಎಂದರು. ಅತ್ತೆ ಅದರಲ್ಲಿ ಅರ್ಧ ಇಟ್ಟುಕೊಂಡು ಅರ್ಧ ನುಂಗಿದರು. "ಗಂಡನಾಗ ದೋಷ ಇಲ್ಲಂದ್ ಮ್ಯಾಲ ಇನ್ಯಾರಾಗ?" ಅವಳನ್ನು ತವರಿಗೆ ಅಟ್ಟಿ, ಮಗನಿಗೆ ಎರಡನೆಯ ಹೆಣ್ಣು ತರುವುದೆಂದು ತೀರ್ಮಾನವಾಯಿತು.

ಗೂಗಲ್ ಎಂಬ ಹಳ್ಳಿಯಿಂದ ಹೆಣ್ಣಿನ ಕಡೆಯವರು ಮಾತುಕತೆಗೆ ಬಂದರು. ಅವರ ಊಟಕ್ಕೆಂದು ಅತ್ತೆ ಮನೆಯಲ್ಲಿದ್ದ ಒಂದೇ ಹುಂಜವನ್ನು ಕೊಯ್ಯಿಸಿದರು. ಊರ ಹೊರಗಿನ ಒಂಟಿ ಮನೆ ನಮ್ಮದು, ಹತ್ತಿರದಲ್ಲಿ ಬೇರೆ ಹುಂಜವಿರಲಿಲ್ಲ. ಸಾರು ಕುದಿಸಿ ಬಡಿಸಿದವಳು ದುರುಗವ್ವನೇ. ನಾನೂ ತಿಂದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅದಾಗಿ ತಿಂಗಳು ಕಳೆದ ಮೇಲೆ ಕೋಳಿ ಇಟ್ಟ ತತ್ತಿಗಳನ್ನು ಕಾವಿಗೆ ಹಾಕಿದೆವು. ಬೆಳಕಿಂಡಿಗೆ ಹಿಡಿದರೆ ಒಂದೊಂದೂ ತಿಳಿ. ಅತ್ತೆ ಕೋಳಿಯ ರೆಕ್ಕೆ ಹಿಡಿದೆತ್ತಿ, ದುರುಗವ್ವನ ಕಡೆ ನೋಡುತ್ತ, "ಇದೂ ಬಂಜಿ. ಸಂತಿಗಿ ಒಯ್ದು ಮಾರ್ರಿ," ಅಂದರು.

ನನ್ನ ಬಾಯಿಗೆ ಬೀಗವಿಲ್ಲ. "ಅತ್ತಿ, ಕೋಳೀದೇನ್ ತಪ್ಪರೀ? ಹುಂಜ ತಿಂದವರು ನಾವು!"

ದುರುಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಿಲ್ಲ. ನಗುತ್ತ ನಗುತ್ತಲೇ ಅತ್ತಳು. ಹೊಸ್ತಿಲ ಮೇಲಿದ್ದ ಮೈದುನ ಎದ್ದು ಬಂದು ತಾಯಿಯ ಕೈಯಿಂದ ಕೋಳಿ ಬಿಡಿಸಿಕೊಂಡ. "ಗೂಗಲ್ಲಿನವ್ರಿಗಿ ಬ್ಯಾಡಂತ ಹೇಳಿ ಕಳಸವ್ವ. ಕೊರತಿ ನಂದ ಇದ್ದೀತು," ಅಂದ.

ಅತ್ತೆ ನನ್ನೊಡನೆ ಬಹಳ ದಿನ ಮಾತು ಬಿಟ್ಟರು. ಸುಖವಾಗಿತ್ತು. ದುರುಗವ್ವ ಮನೆಯಲ್ಲೇ ಉಳಿದಳು. ಮಗು ಮಾತ್ರ ಆಗಲಿಲ್ಲ.

ಮೊಮ್ಮಗಳಿಗೆ ಇಷ್ಟು ಹೇಳುವಷ್ಟರಲ್ಲಿ ದುರುಗವ್ವನೇ ಬಂದು ಪಕ್ಕದಲ್ಲಿ ಕುಳಿತಳು. ಮೈದುನ ತೀರಿಕೊಂಡ ಮೇಲೆ ನಮ್ಮೊಡನೆಯೇ ಇದ್ದಾಳೆ. ಮೊಮ್ಮಗಳು ಇಬ್ಬರಿಗೂ ಮೊಬೈಲು ಹಿಡಿದಳು. ಯಾವುದೋ ಸಮುದ್ರಜೀವಿಯ ತತ್ತಿ, ಕತ್ತಲಲ್ಲಿ ದುಂಡಗೆ ತೇಲುತ್ತಿತ್ತು. ಗಂಡಿನ ಕಣ ಬಂದು ಒಂದು ಬದಿಗೆ ಮುಟ್ಟಿತು. ಅಲ್ಲಿಂದ ಬೆಳಕು ಎದ್ದು, ತೆನೆಗಟ್ಟಿದ ಜೋಳದ ಮೇಲೆ ಗಾಳಿ ಹಾಯುವ ಹಾಗೆ, ಆ ತುದಿಯಿಂದ ಈ ತುದಿಗೆ ಹಾಯಿತು. ಅದೇ ಕ್ಯಾಲ್ಸಿಯಮ್ಮಂತೆ. ಹೊರಗಿನಿಂದ ಬಂದದ್ದಲ್ಲ, ತತ್ತಿ ತನ್ನೊಳಗೇ ಕೂಡಿಟ್ಟುಕೊಂಡು ಕಾದದ್ದು. ಆಮೇಲೆ ಪ್ರೋಟೀನಿನ ಸಣ್ಣ ಎಳೆಗಳು ಹಬ್ಬಿ, ಗಂಡಿನ ತಿರುಳನ್ನೂ ಹೆಣ್ಣಿನ ತಿರುಳನ್ನೂ ಒಂದೆಡೆ ಸೇರಿಸಿದವು. ಸೂಲಗಿತ್ತಿಯಿಲ್ಲ, ಹೇಳಿಕೊಡುವವರಿಲ್ಲ. ಗುಡಿಯಲ್ಲೂ ಬೇಗ ಕೈಮುಗಿಯುವವಳಲ್ಲ ನಾನು. ಸುಣ್ಣದ ಬೆರಳು ಎಲೆಯ ಮೇಲೆ ಹಾಗೇ ನಿಂತಿತು.

"ಮನುಷ್ಯಾರದಾಗ ಗಂಡಿನ ಕಣ ಒಂದು ಪ್ರೋಟೀನು ತಗೊಂಡು ಹೋಗ್ಬೇಕು," ಅಂದಳು ಮೊಮ್ಮಗಳು. "ಅದಿಲ್ಲಂದ್ರ ಒಳಗ ಹೊಕ್ರೂ ತತ್ತಿ ಏಳಂಗಿಲ್ಲ. ಹೊರಗಿಂದ ನೋಡಿದ್ರ ಇಬ್ರೂ ಚೊಲೋನ ಕಾಣ್ತಾರ."

"ನಮ್ಮದೂ ಹಂಗ ಆಗಿತ್ತೇನು?" ದುರುಗವ್ವ ಕೇಳಿದಳು.

"ಈಗ ಹ್ಯಾಂಗ ಹೇಳ್ಲಿ ಸಣ್ಣವ್ವ? ಆಗಿದ್ದೀತು, ಇಲ್ಲದಿದ್ದೀತು."

"ಇನ್ನೊಮ್ಮಿ ತೋರಸು."

ಅಲೆ ಮತ್ತೆ ಹಾಯಿತು. ಅವಳು ರೆಪ್ಪೆ ಬಡಿಯಲಿಲ್ಲ. "ಇಷ್ಟೆಲ್ಲ ಕೆಲಸ ಇತ್ತೇನಕ್ಕಾ ಅದರಾಗ? ನಮ್ಮತ್ತಿ ಬಾಯಾಗ ಅದಕ್ಕೆಲ್ಲ ಒಂದ ಮಾತಿತ್ತು ನೋಡು."

 ನನಗೆಂದು ಹಚ್ಚಿದ್ದ ಎಲೆಯನ್ನು ಮಡಿಚಿ ಅವಳ ಕೈಗಿಟ್ಟೆ. ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದಳು.

"ಸುಣ್ಣ ಭಾಳ ಆಗ್ಯದ."