ಗಂಗಕ್ಕ ಹೇಳದ ಹೆಸರು

ಕಂಪ್ಯೂಟರ್ ಕಲಿತ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ ಎಂದರೆ ಯಾರಿಗೆ ನಗು ಬರುವುದಿಲ್ಲ? ನಾನೂ ನಕ್ಕವನೇ. ಗಂಗಾಂಬಿಕಾ, ನಮಗೆಲ್ಲ ಗಂಗಕ್ಕ, ಚಳ್ಳಕೆರೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ನಮ್ಮ ಸಾಹುಕಾರರಾದ ಬೊಮ್ಮಲಿಂಗಪ್ಪನವರಿಗೆ ಇಲ್ಲಿ ಎಣ್ಣೆ ಮಿಲ್ಲು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ. ಎರಡು ಕಡೆಯ ಕಂಪ್ಯೂಟರುಗಳಿಗೂ ಬೇರೆ ಬೇರೆ ಡೊಮೇನು, ಅಂದರೆ ಒಳಗೆ ಬಿಡುವವರ ಹೆಸರಿನ ಪಟ್ಟಿಯೇ ಬೇರೆ ಬೇರೆ. ಇಲ್ಲಿಯ ಲಾಗಿನ್ ಅಲ್ಲಿ ನಡೆಯದು, ಅಲ್ಲಿಯದು ಇಲ್ಲಿ ನಡೆಯದು. ಎರಡು ಕಡೆಯ ಲಾಗಿನ್ನುಗಳ ಉಸ್ತುವಾರಿಯೂ ಗಂಗಕ್ಕನದೇ.

ಅವಳ ಗಂಡ ಲಾರಿ ಡ್ರೈವರ್. ತೊಂಬತ್ತೇಳರಲ್ಲಿ ಎಣ್ಣೆ ಹೇರಿಕೊಂಡು ಹೋದ. ಲಾರಿ ರಸ್ತೆಪಕ್ಕ ಸಿಕ್ಕಿತು, ಅವನು ಸಿಗಲಿಲ್ಲ. ಪೊಲೀಸರು ಕೈಚೆಲ್ಲಿದರು. ಕುಂಕುಮ ತೆಗೆ ಎಂದು ನೆಂಟರು ಹೇಳಿದರೆ ಇವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರಂತೆ. ತಾನು ಹೇಳದೆ ಇರುವವರೆಗೆ ಅವನು ಎಲ್ಲೋ ಬದುಕಿರುತ್ತಾನೆ ಎಂಬುದು ಇವಳ ನಂಬಿಕೆ. ಗೇಟಿನ ಬಳಿ ಲಾರಿ ನಿಂತ ಸದ್ದಾದರೆ ಕುತ್ತಿಗೆ ಎತ್ತಿ ನೋಡುತ್ತಿದ್ದಳು. ಅದನ್ನು ಕಂಡ ಮೇಲೆ ನಾನು ನಗುವುದು ಬಿಟ್ಟೆ.

ಸೀರೆ ಅಂಗಡಿಯ ಒಬ್ಬ ಸೇಲ್ಸ್‌ಮನ್ನಿಗೂ ಅದೇ ಹೆಸರು. ಟೈಪ್ ಮಾಡಲು ಅಡ್ಡಿಯಿಲ್ಲ, ಬಾಯಿಂದ ಮಾತ್ರ ಬಾರದು. ಅವನ ಊರು ದೇವಸಮುದ್ರ. ಹಾಗಾಗಿ 'ದೇವಸಮುದ್ರದವರು' ಎನ್ನುತ್ತಿದ್ದಳು. ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಕೆಂಚಣ್ಣನಿಗೆ ಅಷ್ಟು ಸಾಕಾಗುತ್ತಿತ್ತು.

2003ರ ಬೇಸಿಗೆಯಲ್ಲಿ ಎರಡೂ ಡೊಮೇನುಗಳನ್ನು ಸೇರಿಸಿ ಹೊಸದೊಂದು ಮಾಡಬೇಕಾಯಿತು. ಗಂಗಕ್ಕ ಫೋನಿನಲ್ಲಿ ಒಂದೊಂದೇ ಹೆಸರು ಓದಬೇಕು, ಕೆಂಚಣ್ಣ ಅದನ್ನು ಹೊಸದಕ್ಕೆ ಸಾಗಿಸಬೇಕು, ಎಲ್ಲ ಮುಗಿದ ಮೇಲೆ ಹಳೆಯವನ್ನು ಮುಚ್ಚಬೇಕು. ಆ ಹೆಸರು ಬಂದಾಗ ಇವಳು ಎಂದಿನಂತೆ ದೇವಸಮುದ್ರದವರು ಎಂದಳು. ಅಂಗಡಿಗೆ ಹೊಸದಾಗಿ ಸೇರಿದ್ದ ಪಾಪಕ್ಕನೂ ಅದೇ ಊರಿನವಳು, ಅವಳದು ಆಗಲೇ ಮುಗಿದಿತ್ತು. ಮದುವೆ ಸೀಸನ್ನಿನ ಗಲಾಟೆಯಲ್ಲಿದ್ದ ಕೆಂಚಣ್ಣ, ಗಂಗಕ್ಕ ಪಾಪಕ್ಕನ ಬಗ್ಗೆಯೇ ಮತ್ತೆ ಕೇಳುತ್ತಿದ್ದಾಳೆ ಎಂದುಕೊಂಡು ಆಯಿತು ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಎಲ್ಲರ ಲಾಗಿನ್ ನಡೆಯಿತು, ಆ ಸೇಲ್ಸ್‌ಮನ್ನಿನದು ನಡೆಯಲಿಲ್ಲ. ನಮ್ಮಲ್ಲಿ ಕೆಲಸದಿಂದ ತೆಗೆದವರ ಲಾಗಿನ್ ಮೊದಲು ರದ್ದಾಗುತ್ತಿತ್ತು, ವಿಷಯ ತಿಳಿಯುತ್ತಿದ್ದುದು ಆಮೇಲೆ. ಅವನಿಗೆ ಆಗಷ್ಟೇ ಮಗು ಹುಟ್ಟಿತ್ತು. ಅಂಗಡಿಯವರಿಗೆ ಮುಖ ತೋರಿಸಲಾಗದೆ ಹೊರಗಿನ ಬೂತಿನಿಂದ ಗಂಗಕ್ಕನಿಗೆ ಫೋನು ಮಾಡಿದ್ದ. ಟೈಪ್ ಮಾಡಲು ಕೈ ಬಿಡುವಾಗಿರಲಿ ಎಂದು ಗಂಗಕ್ಕ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

“ಅಕ್ಕ, ಎಲ್ಲಾರ ಹೆಸ್ರೂ ಐತಂತೆ, ನಂದಿಲ್ಲ. ಸಾಹುಕಾರ್ರು ನನ್ನ ತೆಗೆದ್ರಾ?”

ಹಾಗೇನಿಲ್ಲ, ತಪ್ಪು ನನ್ನದೇ ಎಂದು ಗಂಗಕ್ಕ ಆಗಲೇ ಅವನ ಹೆಸರನ್ನು ಹೊಸದಕ್ಕೆ ಸೇರಿಸಿದಳು. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು ಅವನು ನಂಬಲಿಲ್ಲ.

“ನನ್ ಹೆಸ್ರು ಓದ್ರಿ ಅಕ್ಕ. ನಿಮ್ ಬಾಯಿಂದ ಕೇಳಿದ್ರೆ ನಂಬ್ತೀನಿ.”

ನಾನು ಹೇಳಿಬಿಡಲೇ ಎಂದು ಸನ್ನೆ ಮಾಡಿದೆ. ಅವಳು ಬೇಡವೆಂದು ಕೈ ಅಡ್ಡ ಮಾಡಿದಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಒಳಮನೆಯಲ್ಲಿರುವವರನ್ನು ಕರೆಯುವ ಹಾಗೆ ಮೆಲ್ಲಗೆ ಹೇಳಿದಳು.

“ಪಾಲಾಕ್ಷ.”

“ಹೂಂ, ಇಲ್ಲೇ ಇದೀನಿ,” ಎಂದಿತು ಆ ಕಡೆಯ ಧ್ವನಿ.

ಅಷ್ಟು ವರ್ಷ ಅವಳು ಕಾದಿದ್ದುದು ಈ ಮಾತಿಗೇ, ಆದರೆ ಅದು ಬಂದದ್ದು ಬೇರೆ ಗಂಟಲಿನಿಂದ. ಗಂಗಕ್ಕ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಅವನು ಐತಾ ಅಕ್ಕ, ಐತಾ ಎಂದು ಕೇಳುತ್ತಲೇ ಇದ್ದ. ಇದೆಯಪ್ಪ, ಹೋಗಿ ಕೆಲಸ ನೋಡು ಎಂದು ನಾನೇ ಹೇಳಿ ಫೋನಿಟ್ಟೆ.